ಸುಂಕದವನ ಮುಂದೆ ಸುಖದುಃಖ

ಜುಲೈ ಬಂತೆಂದರೆ ಬಾಗಲಗುಂಟೆಯ ನನ್ನ ಪುಟ್ಟ ಆಫೀಸಿಗೆ ಲಾರಿಯವರು ಬರುತ್ತಾರೆ. ನಾನು ಲೆಕ್ಕ ಬರೆಯುವವನು, ಅವರ ಆದಾಯ ತೆರಿಗೆಯ ರಿಟರ್ನ್ಸ್ ತುಂಬಿಕೊಡುತ್ತೇನೆ. ಇವರು ಟ್ರಾನ್ಸ್‌ಪೋರ್ಟ್ ಕಂಪನಿ ನಡೆಸುವವರಲ್ಲ. ಇರುವುದು ಒಂದೇ ಲಾರಿ. ಅದಕ್ಕೆ ಅವರೇ ಮಾಲೀಕ, ಅವರೇ ಡ್ರೈವರ್, ಕೂಲಿಯವರು ಸಿಗದ ದಿನ ಲೋಡು ಇಳಿಸುವವರೂ ಅವರೇ. ಪೀಣ್ಯದ ಕಾರ್ಖಾನೆಗಳಿಂದ ಕಬ್ಬಿಣದ ಬಿಡಿಭಾಗ, ಯಶವಂತಪುರದ ಯಾರ್ಡಿನಿಂದ ಮೂಟೆ, ದಾಬಸ್‌ಪೇಟೆ ಕಡೆಯ ಗೋದಾಮುಗಳಿಂದ ಪೆಟ್ಟಿಗೆ. ರಾತ್ರಿ ಹೊತ್ತು ಹೆಸರಘಟ್ಟ ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಹತ್ತು ಹನ್ನೊಂದು ಟನ್ನಿನ ಲಾರಿಗಳು, ಅವು ಇಂಥವರವು.

2025ರ ಜುಲೈನಲ್ಲಿ ಬಂದವರೊಬ್ಬರ ಮುಖ ಸಪ್ಪಗಿತ್ತು. ಹತ್ತು ವರ್ಷದಿಂದ ಬರುವವರು, ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಸಾಲ ಕೇಳಲು ಹೋದ ಕಡೆ ಮೂರು ವರ್ಷದ ರಿಟರ್ನ್ಸ್ ನೋಡಿ, ‘ನೀವು ಟ್ಯಾಕ್ಸ್ ಕಟ್ಟೋ ಪೈಕಿ ಅಲ್ಲ, ಜಾಮೀನುದಾರರನ್ನ ಕರ್ಕೊಂಡು ಬನ್ನಿ’ ಅಂದರಂತೆ. ಅಣ್ಣ ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಒಳಗಿದ್ದದ್ದು ಬಂಕಿನ ಬಿಲ್ಲುಗಳು. ಅರ್ಧಕ್ಕರ್ಧ ಅಕ್ಷರ ಮಾಸಿ ಬಿಳಿ ಚೀಟಿಯಾಗಿದ್ದವು.

‘ಸಾರ್, ನಾನು ಸರ್ಕಾರಕ್ಕೆ ಒಂದ್ ರೂಪಾಯಿನೂ ಕಟ್ಟಲ್ವಂತೆ. ಹಂಗಾರೆ ಇವೆಲ್ಲ ಏನ್ ಸಾರ್?’

ಆ ಹೊತ್ತಿಗೆ ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಉತ್ತರ ಹೇಳಿದ್ದಲ್ಲ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 2025ರ ಏಪ್ರಿಲ್ 1ರಂದು ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ ಎರಡು ರೂಪಾಯಿ ಏರಿ ದರ 91 ರೂಪಾಯಿ ದಾಟಿತು. ಅದಕ್ಕೆ ಹತ್ತು ತಿಂಗಳು ಮೊದಲು, 2024ರ ಜೂನ್ 15ರಂದು, ಇದೇ ತೆರಿಗೆ ಏರಿ ಲೀಟರಿಗೆ ಮೂರು ರೂಪಾಯಿ ಹೆಚ್ಚಿತ್ತು. ಹತ್ತು ತಿಂಗಳಲ್ಲಿ ಐದು ರೂಪಾಯಿ. ಕಚ್ಚಾ ತೈಲದ ದರಕ್ಕೂ ಈ ಐದು ರೂಪಾಯಿಗೂ ಸಂಬಂಧವಿಲ್ಲ. ಎರಡೂ ಸಲ ವಿಧಾನಸೌಧದಿಂದಲೇ ಬಂದದ್ದು.

ತೆರಿಗೆ ಶೇ 2.73ರಷ್ಟು ಏರಿದಾಗ ದರ ಎರಡು ರೂಪಾಯಿ ಏರಿತೆಂದರೆ, ತೆರಿಗೆ ಲೆಕ್ಕ ಹಾಕುವ ಮೂಲಬೆಲೆ ಸುಮಾರು 73-74 ರೂಪಾಯಿ ಎಂದಾಯಿತು. ಅದರ ಶೇ 21.17 ಎಂದರೆ ಹದಿನೈದೂವರೆ ರೂಪಾಯಿ. ಇದು ರಾಜ್ಯದ ಪಾಲು. ಕೇಂದ್ರದ ಅಬಕಾರಿ ಸುಂಕ ಅದೇ ಏಪ್ರಿಲ್‌ನಲ್ಲಿ ಎರಡು ರೂಪಾಯಿ ಏರಿ ಲೀಟರಿಗೆ 17 ರೂಪಾಯಿ 80 ಪೈಸೆ ಆಯಿತು. (ಆ ಎರಡು ರೂಪಾಯಿಯನ್ನು ತೈಲ ಕಂಪನಿಗಳೇ ನುಂಗಿಕೊಂಡದ್ದರಿಂದ ಬಂಕಿನ ದರ ಏರಲಿಲ್ಲ.) ಎರಡೂ ಸೇರಿ ಆಗ 91 ರೂಪಾಯಿಯಲ್ಲಿ 33 ರೂಪಾಯಿ ತೆರಿಗೆಯಾಗಿತ್ತು. ಇನ್ನೊಂದು ಸೂಕ್ಷ್ಮವಿದೆ. ರಾಜ್ಯ ತನ್ನ ಶೇಕಡಾವಾರು ಲೆಕ್ಕ ಹಾಕುವ ಮೂಲಬೆಲೆಯೊಳಗೆ ಕೇಂದ್ರದ 17.80 ಆಗಲೇ ಸೇರಿಕೊಂಡಿರುತ್ತಿತ್ತು. ಅಂದರೆ ಲೀಟರಿಗೆ ಮೂರೂಮುಕ್ಕಾಲು ರೂಪಾಯಿ ತೆರಿಗೆಯ ಮೇಲಿನ ತೆರಿಗೆ.

ಈಗ ಅಣ್ಣನ ಲಾರಿಗೆ ಬರೋಣ. ತಿಂಗಳಿಗೆ 4,800 ಕಿಲೋಮೀಟರ್ ಓಡುತ್ತದೆ. ಲೋಡು ಹೊತ್ತು, ಸಿಗ್ನಲ್ಲಿನಲ್ಲಿ ನಿಂತು, ಲೀಟರಿಗೆ ಆರು ಕಿಲೋಮೀಟರ್ ಕೊಟ್ಟರೆ ದೊಡ್ಡದು. ತಿಂಗಳಿಗೆ 800 ಲೀಟರ್. 2025ರ ಆ ದರದಲ್ಲಿ ತೆರಿಗೆ 26,400 ರೂಪಾಯಿ. ವರ್ಷಕ್ಕೆ 3,16,800 ರೂಪಾಯಿ.

ಇದೇ ಮನುಷ್ಯನ ಬಗ್ಗೆ ಆದಾಯ ತೆರಿಗೆ ಕಾನೂನು ಏನು ಹೇಳುತ್ತಿತ್ತು ನೋಡಿ. ನಾನು ಆ ದಿನ ರಿಟರ್ನ್ಸ್ ತುಂಬಿದ್ದು 1961ರ ಕಾಯ್ದೆಯ 44ಎಇ ಕಲಮಿನ ಪ್ರಕಾರ. ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರು ಲೆಕ್ಕಪುಸ್ತಕ ಇಡಬೇಕಿಲ್ಲ, ಲಾರಿಯೊಂದಕ್ಕೆ ಇಷ್ಟು ಎಂದು ಆದಾಯ ಊಹಿಸಿಕೊಂಡು ತೋರಿಸಬಹುದು. ಒಟ್ಟು ತೂಕ ಹನ್ನೆರಡು ಟನ್ ಮೀರಿದ ಭಾರಿ ಲಾರಿಗೆ ಟನ್ನಿಗೆ ಸಾವಿರ ರೂಪಾಯಿಯಂತೆ. ಅದಕ್ಕಿಂತ ಕಡಿಮೆ ತೂಕದ್ದಕ್ಕೆ ತಿಂಗಳಿಗೆ 7,500 ರೂಪಾಯಿ, ಇಲ್ಲವೇ ನಿಜವಾಗಿ ಗಳಿಸಿದ್ದು ಅದಕ್ಕಿಂತ ಹೆಚ್ಚಿದ್ದರೆ ಅದು. ಅಂದರೆ ಏಳೂವರೆ ಟನ್ನಿನಿಂದ ಹನ್ನೆರಡು ಟನ್ನಿನವರೆಗಿನ ಮಧ್ಯಮ ಲಾರಿಯವನು ತಿಂಗಳಿಗೆ ಕನಿಷ್ಠ 7,500 ಗಳಿಸಿಯಾನು ಎಂಬುದು ಸಂಸತ್ತೇ ಒಪ್ಪಿದ ಅಂದಾಜು. ಸರ್ಕಾರದ ಒಂದು ಕೈ ಈ ಮನುಷ್ಯನ ಆದಾಯ ತಿಂಗಳಿಗೆ 7,500 ಎಂದು ಬರೆದುಕೊಳ್ಳುತ್ತಿತ್ತು. ಇನ್ನೆರಡು ಕೈಗಳು ಬಂಕಿನಲ್ಲಿ ನಿಂತು ಅದೇ ಮನುಷ್ಯನಿಂದ ತಿಂಗಳಿಗೆ 26,400 ತೆಗೆದುಕೊಳ್ಳುತ್ತಿದ್ದವು. ಅಣ್ಣ ನಿಜಕ್ಕೂ ಗಳಿಸುವುದು 7,500ಕ್ಕಿಂತ ಹೆಚ್ಚೇ, ನಾನು ರಿಟರ್ನ್ಸಿನಲ್ಲಿ ತೋರಿಸಿದ್ದೂ ಹೆಚ್ಚೇ. ಆದರೆ ಕಂತು, ವಿಮೆ, ಟೈರು, ಎಫ್‌ಸಿ, ಟೋಲು ಕಳೆದು ಮನೆಗೆ ಬರುವ ದುಡ್ಡು ಡೀಸೆಲ್ ತೆರಿಗೆಯಷ್ಟಾದ ತಿಂಗಳನ್ನು ಅವರ ಲೆಕ್ಕದಲ್ಲಿ ನಾನು ಕಂಡಿಲ್ಲ.

ನನ್ನ ವಾದ ಇಷ್ಟೇ. ಡೀಸೆಲ್ ತೆರಿಗೆ ಸರಕಿನ ಮೇಲಿನ ತೆರಿಗೆ ಎಂದು ಪುಸ್ತಕ ಹೇಳುತ್ತದೆ. ಒಂದೇ ಲಾರಿ ಇರುವವನ ಪಾಲಿಗೆ ಅದು ಆದಾಯ ತೆರಿಗೆ. ಅದೂ ಆದಾಯ ಹುಟ್ಟುವ ಮುಂಚೆಯೇ ಕಿತ್ತುಕೊಳ್ಳುವ, ಬಡವ ಶ್ರೀಮಂತ ಎಂದು ನೋಡದ, ಕಟ್ಟಿದವನ ಹೆಸರು ಕೂಡ ಬರೆದುಕೊಳ್ಳದ ಆದಾಯ ತೆರಿಗೆ.

‘ಹಾಗೇನಿಲ್ಲ, ಲಾರಿಯವರು ಬಾಡಿಗೆ ಏರಿಸುತ್ತಾರೆ, ಕೊನೆಗೆ ಕಟ್ಟುವವರು ಸಾಮಾನು ಕೊಳ್ಳುವ ನಾವು’ ಎಂದು ಓದಿದವರು ಹೇಳುತ್ತಾರೆ. ನೂರು ಲಾರಿಯ ಕಂಪನಿಯ ಮಟ್ಟಿಗೆ ಈ ಮಾತು ನಿಜ. ಕಾರ್ಖಾನೆಯ ಜೊತೆ ಅದು ವರ್ಷದ ಒಪ್ಪಂದ ಮಾಡಿಕೊಳ್ಳುವಾಗಲೇ ಡೀಸೆಲ್ ದರ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರಬೇಕೆಂಬ ಷರತ್ತು ಬರೆಸಿಕೊಳ್ಳಬಲ್ಲದು. ಒಂದು ಲಾರಿಯವನಿಗೆ ಅಂಥ ಕಾಗದ ಎಲ್ಲಿಂದ ಬರಬೇಕು? ಅವನಿಗೆ ಬಾಡಿಗೆ ಹೇಳುವವನು ಬ್ರೋಕರ್. ಬೆಳಗ್ಗೆ ಫೋನು ಬರುತ್ತದೆ: ತುಮಕೂರಿಗೆ ಲೋಡಿದೆ, ಇಷ್ಟು ಕೊಡ್ತೀನಿ, ಹೋಗ್ತೀಯಾ? ‘ಡೀಸೆಲ್ ಏರಿದೆಯಲ್ಲಣ್ಣ’ ಅಂದರೆ, ‘ನೀನು ಬೇಡ ಬಿಡು, ಹಿಂದೆ ನಾಲ್ಕು ಜನ ನಿಂತವ್ರೆ’ ಎಂಬ ಉತ್ತರ. ನಿಂತಿರುವುದೂ ನಿಜ. ಕಂತಿನ ದಿನ ಹತ್ತಿರ ಬಂದಂತೆ ಯಾವ ಬಾಡಿಗೆಯಾದರೂ ಸರಿ ಎನ್ನಿಸುತ್ತದೆ. ಬರುವಾಗ ರಿಟರ್ನ್ ಲೋಡು ಸಿಗದಿದ್ದರೆ ಖಾಲಿ ಬರಬೇಕು. ಖಾಲಿ ಲಾರಿ ಸುಡುವ ಡೀಸೆಲ್ಲಿಗೂ ಅಷ್ಟೇ ತೆರಿಗೆ. ದರ ಕೇಳುವ ಬಲ ಯಾರಿಗಿಲ್ಲವೋ ತೆರಿಗೆ ಬಂದು ಅವನ ಮೇಲೆಯೇ ಕೂರುತ್ತದೆ.

ನಮ್ಮ ಭಾಗದವರು ಇದನ್ನು ಇನ್ನೊಂದು ಬಗೆಯಲ್ಲೂ ಅನುಭವಿಸಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಹೋಗುವ ಪೀಣ್ಯ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು ಅದನ್ನು ಮುಚ್ಚಿದರು. ಕೆಲವೇ ವಾರಗಳಲ್ಲಿ ಕಾರು, ಬೈಕುಗಳಿಗೆ ಬಿಟ್ಟರು. ಭಾರಿ ವಾಹನಗಳಿಗೆ ಬಿಟ್ಟದ್ದು 2024ರ ಜುಲೈ ಕೊನೆಗೆ, ಅದೂ ವಾರದಲ್ಲಿ ಒಂದು ದಿನ ಬಿಟ್ಟು. ಎರಡೂವರೆ ವರ್ಷ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿ ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಎಂದು ನಿಂತು ನಿಂತು ತೆವಳಿದವು. ಸೇತುವೆ ಕೆಟ್ಟದ್ದು ಲಾರಿಯವನ ತಪ್ಪಲ್ಲ. ಆದರೆ ಅದರ ಕೆಳಗೆ ಎಂಜಿನ್ ಗುಡುಗಿಸಿಕೊಂಡು ನಿಂತು ಸುಟ್ಟ ಪ್ರತಿ ಲೀಟರಿಗೂ ತೆರಿಗೆ ಕಟ್ಟಿದವನು ಅವನೇ. ಮೋಟಾರು ವಾಹನ ಕಾಯ್ದೆಯಲ್ಲಿ ‘ಮಧ್ಯಮ’ ಎನ್ನಿಸಿಕೊಂಡ ಲಾರಿ ಸೇತುವೆಯ ಬಾಯಿಗೆ ಬಂದಾಗ ‘ಭಾರಿ’ಯಾಗಿಬಿಡುತ್ತದೆ.

2025ರಲ್ಲಿ ಕೇಂದ್ರ ತೆಗೆದುಕೊಳ್ಳುತ್ತಿದ್ದ ಆ 17.80ರಲ್ಲಿ ಎರಡು ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯದ ಸೆಸ್. ಹೀಗೆ ಡೀಸೆಲ್ಲಿನಲ್ಲಿ ರಸ್ತೆಗೆಂದು ಒಮ್ಮೆ ಕಟ್ಟಿದವನು ಅದೇ ರಸ್ತೆಯ ಟೋಲಿನಲ್ಲಿ ಇನ್ನೊಮ್ಮೆ, ಮೋಟಾರು ವಾಹನ ತೆರಿಗೆಯೆಂದು ಮತ್ತೊಮ್ಮೆ ಕಟ್ಟುತ್ತಾನೆ.

ಸರ್ಕಾರದ ಕಡೆಯ ಮಾತುಗಳನ್ನೂ ಕೇಳೋಣ. ಏಪ್ರಿಲ್‌ನಲ್ಲಿ ದರ ಏರಿಸಿದಾಗ ಅದು ಕೊಟ್ಟ ಸಮರ್ಥನೆ: ಹೊಸೂರು, ಕಾಸರಗೋಡು, ಅನಂತಪುರ, ಹೈದರಾಬಾದುಗಳಿಗಿಂತ ನಮ್ಮಲ್ಲಿ ಡೀಸೆಲ್ ಇನ್ನೂ ಅಗ್ಗ. ನಿಜ. ಇದರಿಂದ ಲಾಭ ಯಾರಿಗೆ? ಗಡಿ ದಾಟುವ ಹೊರರಾಜ್ಯದ ದೊಡ್ಡ ಲಾರಿ ನಮ್ಮಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತದೆ. ನಮ್ಮ ದೇಶದಲ್ಲಿ ತೆರಿಗೆ ಸೇರುವುದು ಡೀಸೆಲ್ ಕೊಂಡ ರಾಜ್ಯಕ್ಕೆ, ಸುಟ್ಟ ರಾಜ್ಯಕ್ಕಲ್ಲ. ಹಾಗಾಗಿ ಅಗ್ಗವಾಗಿರುವುದು ಖಜಾನೆಗೂ ಲಾಭವೇ. ಬಾಗಲಗುಂಟೆಯಿಂದ ಪೀಣ್ಯ, ಪೀಣ್ಯದಿಂದ ತುಮಕೂರು ಎಂದು ಓಡುವ ನಮ್ಮ ಅಣ್ಣನಿಗೆ ಅನಂತಪುರದ ದರ ಕಟ್ಟಿಕೊಂಡು ಏನಾಗಬೇಕು? ಪಕ್ಕದ ಮನೆಯವನಿಗೆ ಬಿದ್ದ ಏಟು ಜೋರಾಗಿತ್ತೆಂದರೆ ನನ್ನ ಬೆನ್ನಿನ ಉರಿ ಇಳಿಯುವುದಿಲ್ಲ.

ಎರಡನೆಯದು ಗ್ಯಾರಂಟಿಗಳ ಮಾತು. ಇಷ್ಟು ಬರೆದ ಮೇಲೆ ನಾನು ಗ್ಯಾರಂಟಿ ಯೋಜನೆಗಳ ವಿರೋಧಿ ಎಂದು ಕೆಲವರು ತಿಳಿಯಬಹುದು. ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಆ ಮನೆಯ ಅಕ್ಕನ ಕೈಗೆ ನೇರವಾಗಿ ಬಂದದ್ದು ನನಗೆ ಗೊತ್ತು, ಅದರ ಬೆಲೆಯೂ ಗೊತ್ತು. ಆದರೆ ಆ ಯೋಜನೆಯ ನಿಯಮದಲ್ಲಿ ಒಂದು ಸಾಲಿದೆ: ಹೆಂಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಆ ಹಣ ಇಲ್ಲ. ಅಕ್ಕನಿಗೆ ಹಣ ಬಂತೆಂದರೆ ಗಂಡ ತೆರಿಗೆ ಕಟ್ಟುವಷ್ಟು ಉಳ್ಳವನಲ್ಲ ಎಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಹಾಗೆ ಒಪ್ಪಿದ ಸರ್ಕಾರವೇ ಹತ್ತು ತಿಂಗಳಲ್ಲಿ ಏರಿಸಿದ ಐದು ರೂಪಾಯಿಯಿಂದ, 800 ಲೀಟರಿನ ಮೇಲೆ, ಆ ಗಂಡನಿಂದ ತಿಂಗಳಿಗೆ 4,000 ಹೆಚ್ಚಾಗಿ ತೆಗೆದುಕೊಂಡಿತು. ಬಡವರಿಗೆ ಕೊಡಲು ಉಳ್ಳವರಿಂದ ತೆಗೆದರೆ ಅದಕ್ಕೆ ನ್ಯಾಯ ಎನ್ನಬಹುದು. ಅಡುಗೆಮನೆಗೆ ಎರಡು ಸಾವಿರ ಕೊಟ್ಟು ಅದೇ ಮನೆಯ ಅಂಗಳದಿಂದ ನಾಲ್ಕು ಸಾವಿರ ಎತ್ತಿಕೊಂಡು ಹೋಗುವುದಕ್ಕೆ ಏನೆನ್ನಬೇಕು?

ಮೂರನೆಯದು ಪರಿಸರ. ಡೀಸೆಲ್ ದುಬಾರಿಯಾದರೆ ಹೊಗೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ಕಾರಿನ ಬದಲು ಮೆಟ್ರೊ ಹತ್ತಬಲ್ಲವರ ವಿಷಯದಲ್ಲಿ ಒಪ್ಪಬಹುದು. ಎಂಟು ಟನ್ ಕಬ್ಬಿಣ ನಾಗಸಂದ್ರದಲ್ಲಿ ಮೆಟ್ರೊ ಹತ್ತುವುದಿಲ್ಲ. ಹಳೆಯ ಲಾರಿ ಮಾರಿ ಕಡಿಮೆ ಹೊಗೆಯ ಹೊಸ ಬಿಎಸ್-6 ಲಾರಿ ಕೊಳ್ಳಲು ಕೈಯಲ್ಲಿ ದುಡ್ಡು ಉಳಿಯಬೇಕು. ಉಳಿಯಬೇಕಾದ ದುಡ್ಡು ಬಂಕಿನಲ್ಲೇ ಹೋದರೆ ಹಳೆಯ ಲಾರಿಯೇ ಇನ್ನೂ ಐದು ವರ್ಷ ಹೊಗೆ ಬಿಡುತ್ತದೆ.

ಇನ್ನು ‘ಡೀಸೆಲ್ಲನ್ನು ಜಿಎಸ್‌ಟಿಗೆ ತನ್ನಿ, ಎಲ್ಲ ಸರಿಹೋಗುತ್ತದೆ’ ಎಂಬ ಘೋಷಣೆ. ಕೇಳಲು ಚಂದ. 2016ರ 101ನೇ ತಿದ್ದುಪಡಿ ಸಂವಿಧಾನಕ್ಕೆ 279ಎ ವಿಧಿ ಸೇರಿಸಿದಾಗಲೇ ಪೆಟ್ರೋಲು, ಡೀಸೆಲ್ಲಿಗೆ ಜಿಎಸ್‌ಟಿ ಯಾವಾಗಿನಿಂದ ಎಂಬುದನ್ನು ಮಂಡಳಿ ಶಿಫಾರಸು ಮಾಡಲಿ ಎಂದು ಬರೆದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಮಂಡಳಿ ಇನ್ನೂ ಕಾಲ ಬಂದಿಲ್ಲ ಎಂದು ಎದ್ದುಹೋಯಿತು. ಎಲ್ಲ ಪಕ್ಷಗಳ ಸರ್ಕಾರಗಳಿಗೂ ಈ ದುಡ್ಡು ಬೇಕು. ನಾಳೆ ಜಿಎಸ್‌ಟಿಗೆ ತಂದರೂ ಕಟ್ಟಿದ ತೆರಿಗೆಯನ್ನು ಹೊಂದಾಣಿಕೆ ಮಾಡಿಕೊಳ್ಳುವ ಸೌಲಭ್ಯ ಸಿಗುವುದು ಜಿಎಸ್‌ಟಿ ವಸೂಲಿ ಮಾಡಿ ಕಟ್ಟುವ ದೊಡ್ಡ ಸಂಸ್ಥೆಗಳಿಗೆ. ಸಾಗಣೆ ಏಜೆನ್ಸಿಯಲ್ಲದ ಒಂಟಿ ಲಾರಿಯವನ ಬಾಡಿಗೆಗೆ ಜಿಎಸ್‌ಟಿಯೇ ಇಲ್ಲ. ಅದು ವಿನಾಯಿತಿ ಎನ್ನುತ್ತಾರೆ. ಆ ವಿನಾಯಿತಿಯ ಇನ್ನೊಂದು ಮುಖ, ಟೈರಿಗೆ, ಬಿಡಿಭಾಗಕ್ಕೆ, ವಿಮೆಗೆ ಅವನು ಕಟ್ಟಿದ ಜಿಎಸ್‌ಟಿಯಲ್ಲಿ ಒಂದು ಪೈಸೆಯೂ ವಾಪಸು ಬರುವುದಿಲ್ಲ. ಇಲ್ಲೂ ಅವನ ಹೆಸರಿನಲ್ಲಿ ಖಾತೆಯಿಲ್ಲ.

ಬೇರೆ ದೇಶಗಳಲ್ಲಿ ಹೇಗಿದೆ? ಅಮೆರಿಕದ 48 ರಾಜ್ಯಗಳೂ ಕೆನಡಾದ 10 ಪ್ರಾಂತ್ಯಗಳೂ ಸೇರಿ ಒಂದು ಇಂಧನ ತೆರಿಗೆ ಒಪ್ಪಂದ ಮಾಡಿಕೊಂಡಿವೆ. ರಾಜ್ಯದ ಗಡಿ ದಾಟುವ, ತೂಕ 26,000 ಪೌಂಡ್ (ಸುಮಾರು 11,800 ಕಿಲೋ) ಮೀರಿದ ಲಾರಿಯವರು ಮೂರು ತಿಂಗಳಿಗೊಮ್ಮೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದೆವು, ಎಲ್ಲಿ ಎಷ್ಟು ಇಂಧನ ತುಂಬಿಸಿದೆವು ಎಂದು ಲೆಕ್ಕ ಒಪ್ಪಿಸುತ್ತಾರೆ. ತೆರಿಗೆ ಓಡಿದ ರಾಜ್ಯಕ್ಕೆ ಹಂಚಿಕೆಯಾಗುತ್ತದೆ. ಹೆಚ್ಚು ಕಟ್ಟಿದ್ದರೆ ಲಾರಿಯವನಿಗೆ ಮರಳುತ್ತದೆ. ಕಾಗದದ ಕೆಲಸ ಜಾಸ್ತಿ ಎಂದು ಅಲ್ಲಿನವರು ಗೊಣಗುವುದೂ ಇದೆ. ಆದರೆ ಅಲ್ಲಿ ಒಂದು ಲಾರಿಯವನೂ ತೆರಿಗೆದಾರ, ಅವನ ಹೆಸರಿನಲ್ಲಿ ಒಂದು ಪುಟ ಇದೆ. ಫ್ರಾನ್ಸಿನಲ್ಲಿ ಏಳೂವರೆ ಟನ್ನಿಗೆ ಮೇಲ್ಪಟ್ಟ ಸರಕು ಲಾರಿಗಳಿಗೆ ಡೀಸೆಲ್ ಸುಂಕದ ಒಂದು ಭಾಗವನ್ನು ವಾಪಸು ಕೊಡುವ ಪದ್ಧತಿಯಿದೆ.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಗೇ ಹೋಗೋಣ. ಮಲ್ಪೆ, ಮಂಗಳೂರು, ಕಾರವಾರದ ಯಾಂತ್ರಿಕ ದೋಣಿಗಳಿಗೆ ನಮ್ಮದೇ ಸರ್ಕಾರ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುತ್ತಿದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷಕ್ಕೆ ಏರಿಸಿತು. ಸರಿಯಾದ ಕೆಲಸ. ಡೀಸೆಲ್ ಸುಟ್ಟೇ ಹೊಟ್ಟೆ ಹೊರೆಯಬೇಕಾದವನಿಂದ ಮೋಜಿಗೆ ಕಾರು ಓಡಿಸುವವನಷ್ಟೇ ತೆರಿಗೆ ಕೀಳಬಾರದು ಎಂಬ ತತ್ವ ವಿಧಾನಸೌಧಕ್ಕೆ ಗೊತ್ತಿದೆ. ದೋಣಿಗೆ ಅನ್ವಯಿಸಿದ್ದನ್ನು ಲಾರಿಗೆ ಅನ್ವಯಿಸಿಲ್ಲ, ಅಷ್ಟೇ.

ಹಾಗಾಗಿ ನಾನು ಕೇಳುವುದು ಆಕಾಶದ ಚಂದ್ರನನ್ನಲ್ಲ. ಒಂದೋ ಎರಡೋ ಮಧ್ಯಮ ಲಾರಿ ಇರುವ ಮಾಲೀಕ-ಡ್ರೈವರುಗಳಿಗೆ ತಿಂಗಳಿಗೆ 500 ಲೀಟರಿನ ಮಟ್ಟಿಗಾದರೂ, ಆ ಹತ್ತು ತಿಂಗಳಲ್ಲಿ ಏರಿಸಿದ ಐದು ರೂಪಾಯಿಯನ್ನಾದರೂ, ಬ್ಯಾಂಕ್ ಖಾತೆಗೆ ವಾಪಸು ಹಾಕಲಿ. ತಿಂಗಳಿಗೆ 2,500 ರೂಪಾಯಿಯ ಮಾತು. ಲಾರಿ ಯಾರದೆಂಬುದು ಆರ್‌ಟಿಒ ದಾಖಲೆಯಲ್ಲಿದೆ, ಎಷ್ಟು ಓಡಿತೆಂಬುದರ ಸುಳಿವು ಫಾಸ್ಟ್ಯಾಗಿನಲ್ಲಿದೆ, ಬಂಕಿನ ದುಡ್ಡು ಫೋನಿನಲ್ಲೇ ಪಾವತಿಯಾಗುತ್ತಿದೆ. ದಂಡ ಹಾಕುವಾಗ ಕ್ಷಣದಲ್ಲಿ ಸಿಗುವ ಮಾಹಿತಿ ವಾಪಸು ಕೊಡುವಾಗ ಸಿಗುವುದಿಲ್ಲ ಎಂದರೆ ನಂಬುವುದು ಹೇಗೆ? ಎರಡನೆಯದಾಗಿ, ಕೇಂದ್ರದ ಸುಂಕದ ಮೇಲೆ ರಾಜ್ಯ ತೆರಿಗೆ ಹಾಕುವುದು ನಿಲ್ಲಲಿ; ಕೇಂದ್ರದ ಹಾಗೆ ಲೀಟರಿಗೆ ಇಷ್ಟು ಎಂದು ನಿಗದಿಯಾಗಲಿ. ಕೇಂದ್ರವೂ ಸಾಚಾ ಅಲ್ಲ. 2025ರ ಅದರ 17.80ರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 80 ಪೈಸೆ ಮಾತ್ರವಾಗಿತ್ತು. ಉಳಿದ ಹದಿನಾರು ಸೆಸ್ ಮತ್ತು ವಿಶೇಷ ಸುಂಕದ ಹೆಸರಿನಲ್ಲಿ ದೆಹಲಿಯಲ್ಲೇ ಉಳಿಯುತ್ತಿತ್ತು. ಅಲ್ಲಿ ಪಾಲು ಸಿಗದ ರಾಜ್ಯ ಇಲ್ಲಿ ಲಾರಿಯವನ ಜೇಬಿಗೆ ಕೈ ಹಾಕುತ್ತದೆ. ಮೂರನೆಯದಾಗಿ, ವರ್ಷದ ಕೊನೆಗೆ ಒಂದು ಕಾಗದ ಕೊಡಲಿ: ಇಂಥವರು ಡೀಸೆಲ್ ಮೂಲಕ ಇಷ್ಟು ತೆರಿಗೆ ಕಟ್ಟಿದ್ದಾರೆ ಎಂದು. ಇದಕ್ಕೆ ಖಜಾನೆಯಿಂದ ಏನೂ ಹೋಗುವುದಿಲ್ಲ. ಸಾಲ ಕೇಳಲು ಹೋದ ಕಡೆ ಅಣ್ಣ ಅದನ್ನು ಮೇಜಿನ ಮೇಲೆ ಇಡಬಹುದು.

2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ಡೀಸೆಲ್ ದರ, ಟೋಲು, ಗಡಿಯ ಚೆಕ್‌ಪೋಸ್ಟು, ಹೀಗೆ ಬೇಡಿಕೆಗಳ ಪಟ್ಟಿಯಿತ್ತು. ಕೆಲವೇ ದಿನಗಳಲ್ಲಿ ಮಾತುಕತೆಯಾಗಿ ಮುಷ್ಕರ ಮುಗಿಯಿತು; ಡೀಸೆಲ್ಲಿನ ಎರಡು ರೂಪಾಯಿ ಇಳಿಯಲಿಲ್ಲ. ಆ ದಿನಗಳಲ್ಲಿ ಪತ್ರಿಕೆಗಳು ಬರೆದದ್ದು ತರಕಾರಿ ಬೆಲೆ ಏರೀತೇ ಎಂಬುದನ್ನು. ಲಾರಿ ನಿಂತರೆ ನಮಗೇನಾಗುತ್ತದೆ ಎಂಬ ಚಿಂತೆ ನಮಗಿದೆ. ಅದು ಓಡುವಾಗ ಅವನಿಗೇನಾಗುತ್ತದೆ ಎಂದು ಕೇಳುವ ಅಭ್ಯಾಸ ನಮಗಾಗಿಲ್ಲ. ಇದನ್ನು ಸಾಹಿತ್ಯ ಓದುವವರ ಮುಂದೆ ಇಡುತ್ತಿರುವುದೂ ಅದಕ್ಕೇ. ನೀವು ತರಿಸಿಕೊಂಡ ಹೊಸ ಪುಸ್ತಕವೂ ಯಾವುದೋ ಲಾರಿಯಲ್ಲೇ ಬಂದದ್ದು.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿದೆ. ಹೇಳಿ ಪ್ರಯೋಜನವಿಲ್ಲ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆದರೂ ಗಾದೆಯ ಕಾಲದಲ್ಲಿ ಸುಂಕದಕಟ್ಟೆಯ ಮೇಲೆ ಒಬ್ಬ ಮನುಷ್ಯನಾದರೂ ಕೂತಿರುತ್ತಿದ್ದ. ಗಾಡಿಯವನು ಅವನ ಮುಖ ನೋಡಿ ಗೋಳಾಡಬಹುದಿತ್ತು, ಬೈಯಬಹುದಿತ್ತು, ಗಾಡಿ ತಿರುಗಿಸಿಕೊಂಡು ಹೋಗಬಹುದಿತ್ತು. ಹನ್ನೆರಡನೆಯ ಶತಮಾನದ ಶರಣರ ನಡುವೆ ಸುಂಕ ವಸೂಲಿಯ ಕಾಯಕದವನೊಬ್ಬನಿದ್ದ, ಸುಂಕದ ಬಂಕಣ್ಣ. ಅವನು ವಚನವನ್ನೂ ಬರೆದ. ಈಗಿನ ಸುಂಕದವನು ಬಂಕಿನ ನಳಿಕೆಯೊಳಗೆ ಕೂತಿದ್ದಾನೆ. ಡೀಸೆಲ್ ಹಾಕುವ ಹುಡುಗನಿಗೆ ಹೇಳಿದರೆ ಅವನೇನು ಮಾಡಿಯಾನು?

ಅಣ್ಣನ ಮಗಳಿಗೆ ಕೊನೆಗೆ ಸಾಲ ಸಿಕ್ಕಿತು, ಅಣ್ಣನ ಭಾವಮೈದ ಜಾಮೀನು ನಿಂತ ಮೇಲೆ. ಭಾವಮೈದ ತಿಂಗಳ ಸಂಬಳದವರು. ಅವರ ಸಂಬಳದಿಂದ ಮುರಿದುಕೊಂಡ ತೆರಿಗೆಗೆ ವರ್ಷವರ್ಷವೂ ಫಾರಂ 16 ಎಂಬ ಕಾಗದ ಸಿಗುತ್ತಿತ್ತು. ನಾನು ಕುತೂಹಲಕ್ಕೆ ನೋಡಿದೆ. ಆ ವರ್ಷ ಅವರು ಕಟ್ಟಿದ್ದು ಹನ್ನೊಂದು ಸಾವಿರ ಚಿಲ್ಲರೆ. ಅಣ್ಣ ತನ್ನ ಬಿಲ್ಲುಗಳನ್ನೆಲ್ಲ ಬಾಚಿ ಮತ್ತೆ ಆ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಹೋದರು. ‘ಎಸೀಬ್ಯಾಡಿ ಅಣ್ಣ, ಇಟ್ಕೊಂಡಿರಿ’ ಅಂದೆ. ಯಾವತ್ತು ಯಾರಿಗೆ ತೋರಿಸಲು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.